ಬಟ್ಟೆ ಕಟ್ಟಿದ ಐದು ಹೂ

ಬೇಸಿಗೆ ಬಂತೆಂದರೆ ನಮ್ಮ ಶಿರಸಿ ಕಡೆ ಗದ್ದೆಯಲ್ಲಿ ಸೌತೆ ಹಾಕುತ್ತೇವೆ. ಹೋದ ವರ್ಷ ನಮ್ಮ ಬಳ್ಳಿ ತುಂಬ ಹೂ. ಕಾಯಿ ಮಾತ್ರ ಕಡಿಮೆ, ಬಂದವೂ ಒಂದು ತುದಿ ದಪ್ಪ ಇನ್ನೊಂದು ತುದಿ ಸಣಕಲಾಗಿ ಕೊಕ್ಕೆ ಹಾಗೆ ಬಾಗಿದ್ದವು. ಗೊಬ್ಬರ ಸಾಲಲಿಲ್ಲ ಅಂದುಕೊಂಡೆ. ದೊಡ್ಡಪ್ಪ ನೋಡಿ ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಇಲ್ಲಿ ಜೇನು ಬರ್ತದಾ, ತಮಾ?"

ನಾನು ಅದನ್ನು ನೋಡಿಯೇ ಇರಲಿಲ್ಲ.

ಈ ಸಲ ಊರಿನ ಮಕ್ಕಳನ್ನೂ ಅಕ್ಕಪಕ್ಕದವರನ್ನೂ ಗದ್ದೆಗೆ ಕರೆದೆವು. ಭಾಷಣ ಏನಿಲ್ಲ. ಶನಿವಾರ ಸಂಜೆ, ಮರುದಿನ ಅರಳುವ ಹತ್ತು ಹೆಣ್ಣು ಮೊಗ್ಗು ಹುಡುಕಿದೆವು. ಗುರುತು ಸುಲಭ, ಹೂವಿನ ಬುಡದಲ್ಲೇ ಮುಳ್ಳುಮುಳ್ಳಾದ ಪುಟ್ಟ ಮಿಡಿ ಇರುತ್ತದೆ. ಐದಕ್ಕೆ ಜೇನು ಮುಟ್ಟದ ಹಾಗೆ ಹಳೇ ಪಂಚೆಯ ತುಂಡು ಸಡಿಲವಾಗಿ ಕಟ್ಟಿದೆವು. ಉಳಿದ ಐದಕ್ಕೆ ಗುರುತಿಗೆ ದಾರ ಸುತ್ತಿ ಹಾಗೇ ಬಿಟ್ಟೆವು. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ತುಡುವೆ ಜೇನು ಬಂದವು, ಮೈಯೆಲ್ಲ ಗಂಡು ಹೂವಿನ ಹಳದಿ ಪುಡಿ. ಸೌತೆ ಹೂವಿನ ಆಯುಷ್ಯ ಒಂದೇ ದಿನ, ಅಷ್ಟರೊಳಗೆ ಎಂಟು-ಹತ್ತು ಸಲವಾದರೂ ಜೇನು ಕೂತು ಎದ್ದರೇ ಬೀಜ ಸರಿಯಾಗಿ ಕಟ್ಟಿ ಕಾಯಿ ನೇರ ಬರುವುದು.

ಮುಂದಿನ ಭಾನುವಾರ ಬಟ್ಟೆ ಬಿಚ್ಚಿದಾಗ ಐದೂ ಮಿಡಿ ಹಳದಿಯಾಗಿ ಮುರುಟಿದ್ದವು. ಒಂದು ಮುಟ್ಟಿದ್ದೇ ಉದುರಿತು. ದಾರದ ಐದರಲ್ಲಿ ಒಂದಕ್ಕೆ ಹುಳ ಬಿದ್ದಿತ್ತು, ಉಳಿದ ನಾಲ್ಕೂ ಒಂದೊಂದು ಗೇಣುದ್ದ ಬೆಳೆದಿದ್ದವು.

"ಹಂಗಾದ್ರೆ ಹೋದ ವರ್ಷ ಜೇನು ಎಲ್ಲಿಗೆ ಹೋಗಿತ್ತು?" ಅಂದಳು ಪಕ್ಕದ ಮನೆ ಹುಡುಗಿ. ಹೇಳಲೇಬೇಕಾಯಿತು. ಬದುವಿಗೆ ಕಳೆನಾಶಕ ಹೊಡೆದವನು ನಾನೇ. ತುಂಬೆ, ಮುಟ್ಟಿದರೆ ಮುನಿ ಎಲ್ಲ ಸುಟ್ಟುಹೋಗಿದ್ದವು. ಸಾಲದ್ದಕ್ಕೆ ಹೂ ಅರಳಿದ ಹೊತ್ತಲ್ಲೇ, ಬೆಳಿಗ್ಗೆ ಎಂಟಕ್ಕೆ, ಬಳ್ಳಿಗೆ ಕೀಟನಾಶಕ ಬೇರೆ.

ದೊಡ್ಡಪ್ಪ ಬೈಯಲಿಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ನಾಶವಾದವು, ದೊಡ್ಡಪ್ಪ ಸಾಕಿದ್ದ ಜೇನುಪೆಟ್ಟಿಗೆಗಳೂ ಖಾಲಿಯಾದವು. "ಅದು ರೋಗ, ಕೈ ಮೀರಿದ್ದು. ಇದು ಹಾಗಲ್ವಲ್ಲ" ಅಂದರು.

ಸುಮ್ನೆ ಪೆಟ್ಟಿಗೆ ತಂದಿಟ್ಟರೆ ಜೇನು ಉಳಿಯುವುದಿಲ್ಲ, ವರ್ಷಪೂರ್ತಿ ಹೂ ಬೇಕು. ಗೊಬ್ಬರಕ್ಕೆ ಸೊಪ್ಪು ಕಡಿಯುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಪ್ರತಿ ವರ್ಷ ಬೋಳಿಸಿದ ಮರ ಹೂ ಬಿಡುವುದಾದರೂ ಹೇಗೆ? ಅದಕ್ಕೇ ನಾಲ್ಕು ಮನೆಯವರು ಸೇರಿ ಕೆಲವು ಮತ್ತಿ, ನೇರಳೆ ಮರಗಳ ಸೊಪ್ಪು ಕಡಿಯದೆ ಬಿಟ್ಟಿದ್ದೇವೆ. ಬದುವಿಗೆ ಈಗ ಕತ್ತಿ ಮಾತ್ರ, ಅದೂ ತುಂಬೆ ಹೂ ಮುಗಿದ ಮೇಲೆ. ಮಳೆ ಹಿಡಿದ ಮೇಲೆ ಬೆಟ್ಟದ ಬೋಳು ಜಾಗದಲ್ಲಿ ಅಂಟುವಾಳ ನೆಡಬೇಕು.

ಆ ಹುಡುಗಿ ಅಂಗಳದಲ್ಲಿ ಹಾಲಿನ ಪ್ಯಾಕೆಟ್‌ಗೆ ಮಣ್ಣು ತುಂಬಿ ಅಂಟುವಾಳದ ಬೀಜ ಹಾಕಿದ್ದಾಳೆ. ಗಟ್ಟಿ ಸಿಪ್ಪೆ, ಬೇಗ ಮೊಳೆಯುವುದಿಲ್ಲ. ನಿನ್ನೆ ಓಡಿ ಬಂದು ಮೂರು ಮೊಳಕೆ ಒಡೆದಿವೆ ಅಂತ ಹೇಳಿ ಹೋದಳು.