ಮಳೆಗಾಲದ ಬಚ್ಚಲೊಲೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು. ಸ್ನಾನಕ್ಕೆ ಮಾತ್ರ ಈಗಲೂ ಬಚ್ಚಲೊಲೆ, ತಾಮ್ರದ ಹಂಡೆ. ಬೇಸಿಗೆಯಲ್ಲಿ ಒಂದು ಹಿಡಿ ಒಣ ಸೋಗೆ ಇದ್ದರೆ ಬೆಂಕಿ ಹತ್ತುತ್ತದೆ. ಆಷಾಢದಲ್ಲಿ ಸೋಗೆ, ಕಾಯಿ ಸಿಪ್ಪೆ, ಬೆಂಕಿಪೊಟ್ಟಣ ಎಲ್ಲಕ್ಕೂ ಥಂಡಿ. ಮೊದಲು ಚಿಮಣಿ ಎಣ್ಣೆ ಇತ್ತು. ಅದು ಸಿಗದ ಹಾಗಾದ ಮೇಲೆ ಊರಲ್ಲಿ ಸುಮಾರು ಜನ ಹಾಲಿನ ಕವರ್ ಹಚ್ಚಲು ಶುರು ಮಾಡಿದರು. ಪ್ಲಾಸ್ಟಿಕ್ ಹೊಗೆ ಕುಡಿದು ಮೈ ತೊಳೆದುಕೊಳ್ಳೋದು ಯಾವ ಮಡಿಯೋ!

ಕಳೆದ ಮಳೆಗಾಲ ರಜೆ ಹಾಕಿ ಹೋದಾಗ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಇಲ್ಲದೆ ಬೆಂಕಿ ಹತ್ತಿಸುವ ದಾರಿ ಹುಡುಕಿ ಕೂತೆ. ಗಳಿಗೆಗೊಮ್ಮೆ ಕರೆಂಟ್ ಹೋಗುವ ಊರಲ್ಲಿ ಮೇಣದಬತ್ತಿಯ ತುಂಡುಗಳಿಗೆ ಬರವೇ? ಡಬ್ಬಿ ತುಂಬ ಇದ್ದವು. ಡಬ್ಬಿಯನ್ನೇ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದೆ. ಮೇಣವನ್ನು ನೇರ ಉರಿಗೆ ಇಡಬಾರದು. ಜಾಸ್ತಿ ಕಾದರೆ ಅದರ ಆವಿಗೇ ಬೆಂಕಿ ಹತ್ತುತ್ತದೆ. ಪೇಟೆ ಅಂಗಡಿಯಿಂದ ತಂದ ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಿಗೆ ತೆಂಗಿನ ನಾರು, ಮರದ ಹೊಟ್ಟು ತುಂಬಿ ಮೇಣ ಹುಯ್ದೆ.

"ಆ ಮೊಟ್ಟೆ ಟ್ರೇನ ಒಳಗೆ ಮಾತ್ರ ತರಬೇಡ ಮಾರಾಯ" ಅಂದಳು ಅಮ್ಮ. ಜಗಲಿಯ ಮೇಲೇ ಆರಿಸಿ, ಕತ್ತರಿಯಿಂದ ಬಿಡಿಸಿದೆ. ಮೇಣ ಕುಡಿದ ನಾರಿಗೆ ಥಂಡಿ ಹಿಡಿಯುವುದಿಲ್ಲ.

ಇಷ್ಟರಿಂದಲೇ ಹೊಗೆ ಹೋಗುವುದಿಲ್ಲ ಬಿಡಿ. ಹೊಗೆ ಅಂದರೆ ಪೂರ್ತಿ ಉರಿಯದೆ ತಪ್ಪಿಸಿಕೊಂಡ ಕಟ್ಟಿಗೆಯೇ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದು 20 ಪರ್ಸೆಂಟ್‌ಗಿಂತ ಕೆಳಗೆ ಇಳಿಯುವ ತನಕ ಬೆಂಕಿಯ ಕಾವಿನಲ್ಲಿ ಒಂದು ಪಾಲು ನೀರು ಆರಿಸುವುದಕ್ಕೇ ಖರ್ಚು. ಎರಡು ತುಂಡು ಬಡಿದು ನೋಡಿ. ಟಣ್ ಅಂದರೆ ಒಲೆಗೆ, ದಪ್ ಅಂದರೆ ವಾಪಸ್ ಅಟ್ಟಕ್ಕೆ.

ನಮ್ಮಲ್ಲಿ ಕೆಳಗೆ ಬೆಂಕಿ, ಮೇಲೆ ಕಟ್ಟಿಗೆ ಒಟ್ಟುವ ರೂಢಿ. ನಾನು ಬೂದಿ ಎಳೆದು ಹಾಕಿ, ಉಲ್ಟಾ ಒಟ್ಟಿದೆ. ದಪ್ಪನೆಯವು ಎರಡು ಕೆಳಗೆ, ನಡುವೆ ಗಾಳಿಗೆ ಸಂದು, ಮೇಲೆ ಅಡ್ಡಡ್ಡ ಚಕ್ಕೆ, ಎಲ್ಲದರ ಮೇಲೆ ಮೇಣದ ಗುಳಿ. ಹೀಗೆ ಮಾಡಿದರೆ ಬೆಂಕಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಕೆಳಗಿನ ಕಟ್ಟಿಗೆಯ ಹೊಗೆ ಮೇಲಿನ ಉರಿ ದಾಟಿಯೇ ಹೋಗಬೇಕು, ದಾಟುವಾಗ ಅದೂ ಉರಿಯುತ್ತದೆ.

"ತಲೆಕೆಳಗಾಗಿ ಯಾರಾದ್ರೂ ಬೆಂಕಿ ಹಾಕ್ತಾರಾ?" ಅಮ್ಮ ಊದುಗೊಳವೆ ಹಿಡಿದೇ ನಿಂತಿದ್ದಳು. ಊದುವ ಕೆಲಸ ಬೀಳಲಿಲ್ಲ. ಮೊದಲು ತೆಳ್ಳಗೆ ಒಂದಿಷ್ಟು ಹೊಗೆ, ಆಮೇಲೆ ಹಂಡೆಯ ಬುಡಕ್ಕೆ ಬರೀ ಉರಿ. "ಅಸ್ತ್ರ ಒಲೆ ಇದ್ದಾಗ ಹೀಗೇ ಇತ್ತು" ಅಂದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಒಲೆ ಅದು. ಜಾಲರಿಯ ಕೆಳಗಿಂದ ಗಾಳಿ, ಹೊಗೆಗೆ ಕೊಳವೆ. ಅಡುಗೆಮನೆಗೆ ಗ್ಯಾಸ್ ಬಂದಾಗ ಅದನ್ನು ಒಡೆದು ಹಾಕಿದೆವು. ನಮ್ಮ ಬಚ್ಚಲಿಗೆ ಅಂಥದ್ದು ಬರಲೇ ಇಲ್ಲ.

ಮೇಣದ ಗುಳಿಗಳನ್ನು ಅಮ್ಮ ಒಪ್ಪಿದ್ದಾಳೆ, ಮೊಟ್ಟೆ ಟ್ರೇಯನ್ನಲ್ಲ. ಮುಂದಿನ ಸಲ ಅಡಿಕೆ ಹಾಳೆಯ ತುಂಡಲ್ಲಿ ಮಾಡು ಅಂದಿದ್ದಾಳೆ. ನೆನೆಸಿ ಬಗ್ಗಿಸಿ, ಚೆನ್ನಾಗಿ ಒಣಗಿಸಿಕೊಂಡರೆ ಅದರಲ್ಲೂ ಮೇಣ ನಿಲ್ಲುತ್ತದೆ.