ಹಿಮವೇ ಬೀಳಲ್ಲ, ಆದರೂ ಗುಂಡಿ ಯಾಕೆ ಮಾಮ?

ಕಳೆದ ವಾರ, ನಾನಿರುವ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನ ಒಂದು ಅಂಗಡಿ ಸಂಕೀರ್ಣದ ಪಾರ್ಕಿಂಗ್ ಲಾಟಿನ ಫೋಟೊ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಕರಗುತ್ತಿರುವ ಹಿಮ, ಮಸಿಯಂಥ ನೀರು, ನಡುವೆ ಬಾಯಿ ಬಿಟ್ಟುಕೊಂಡ ಗುಂಡಿಗಳು. ಬನಶಂಕರಿಯಲ್ಲಿರುವ ಅಕ್ಕನ ಮಗಳು, ಏಳನೇ ಕ್ಲಾಸು, ನಿಮಿಷದೊಳಗೆ ಉತ್ತರ ಹಾಕಿದಳು: "ಅಯ್ಯೋ ಮಾಮ, ಇದು ನಮ್ಮ ರೋಡೇ ಅಲ್ವಾ?" ಅಷ್ಟಕ್ಕೇ ಬಿಟ್ಟಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಿಂದೆಯೇ ಇನ್ನೊಂದು ಬಂತು. "ಅಲ್ಲಿ ಹಿಮ ಬಿದ್ದು ಹಾಳಾಗತ್ತೆ ಅಂತೀಯ. ಇಲ್ಲಿ ಹಿಮಾನೇ ಬೀಳಲ್ಲ. ಮತ್ತೆ ಗುಂಡಿ ಯಾಕೆ?"

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನೀರು ಗಡ್ಡೆಕಟ್ಟುವ ಮಾತೇ ಇಲ್ಲ. ಹಾಗಾಗಿ ಅವಳ ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಹೇಳಬೇಕಾದರೆ ಇಲ್ಲಿ, ಮಿನೆಸೋಟದಲ್ಲಿ, ಹಿಮ ನಿಜಕ್ಕೂ ಏನು ಮಾಡುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ನೀರು ಗಡ್ಡೆಕಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ, ಹಗಲು ಕರಗಿ ಇನ್ನೂ ಒಳಗೆ ಇಳಿಯುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಅರ್ಧ. ಇನ್ನರ್ಧ ನೆಲದಡಿಯಲ್ಲಿದೆ. ಕೊರೆಯುವ ಜನವರಿಯಲ್ಲಿ ನೆಲ ಬಂಡೆಯಂತೆ ಗಟ್ಟಿ, ಸರಕಿನ ಲಾರಿ ಹೋದರೂ ಜಗ್ಗುವುದಿಲ್ಲ. ಅಪಾಯ ಮಾರ್ಚ್, ಏಪ್ರಿಲ್‌ನಲ್ಲಿ. ನೆಲ ಹೆಚ್ಚಾಗಿ ಕರಗುವುದು ಮೇಲಿನಿಂದ ಕೆಳಕ್ಕೆ. ಡಾಂಬರಿನ ಕೆಳಗಿನ ಜಲ್ಲಿ ಹಾಸು ಕರಗಿ ರಾಡಿಯಾಗಿದ್ದರೆ, ಅದರ ಕೆಳಗಿನ ಮಣ್ಣು ಇನ್ನೂ ಮಂಜುಗಡ್ಡೆ. ನೀರಿಗೆ ಇಳಿದುಹೋಗಲು ದಾರಿಯಿಲ್ಲ. ಆ ಹೊತ್ತಿನಲ್ಲಿ ಡಾಂಬರು ಅಂದರೆ ನೆನೆದ ಅವಲಕ್ಕಿಯ ಮೇಲಿಟ್ಟ ಹಪ್ಪಳ. ಒತ್ತಿದರೆ ಮುರಿಯುತ್ತದೆ. ಅದಕ್ಕೇ ಮಿನೆಸೋಟದಲ್ಲಿ ವಸಂತದ ಕೆಲವು ವಾರ ಎಷ್ಟೋ ರಸ್ತೆಗಳಲ್ಲಿ ಲಾರಿಗಳ ಆ್ಯಕ್ಸಲ್ ತೂಕಕ್ಕೆ ಮಿತಿ ಹಾಕುತ್ತಾರೆ. ಪಾರ್ಕಿಂಗ್ ಲಾಟಿಗೆ ಅಂಥ ರಕ್ಷಣೆಯಿಲ್ಲ. ಕಸದ ಲಾರಿ ವಾರವಾರವೂ ಅದೇ ದಾರಿಯಲ್ಲಿ ಬರುತ್ತದೆ, ಕಸದ ಡಬ್ಬದ ಮುಂದಿನ ಜಾಗವೇ ಮೊದಲು ಕುಸಿಯುತ್ತದೆ.

ಹಿಮ ಕರಗಿದ ಮೇಲಿನ ಪರೀಕ್ಷೆಯನ್ನು ಕಾರಿನಲ್ಲಿ ಕೂತು ಮಾಡುವಂತಿಲ್ಲ. ಚಳಿಗಾಲದಲ್ಲಿ ಜಾರದಿರಲಿ ಎಂದು ಚೆಲ್ಲಿದ ಮರಳನ್ನು ಮೊದಲು ಗುಡಿಸಬೇಕು, ಇಲ್ಲದಿದ್ದರೆ ಅರ್ಧ ಬಿರುಕು ಅದರಡಿಯಲ್ಲೇ ಅಡಗಿರುತ್ತದೆ. ಆಮೇಲೆ ಒಂದು ಮಳೆಗೆ ಕಾಯಬೇಕು. ಮಳೆ ನಿಂತು ಒಂದು ಗಂಟೆಯ ಮೇಲೆ ಚಾಕ್, ಅಳತೆ ಪಟ್ಟಿ, 3 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿ, ಒಂದು ಉದ್ದ ಸ್ಕ್ರೂಡ್ರೈವರ್ ಹಿಡಿದು ನಡೆಯುವುದು. ನಿಂತ ನೀರಿನ ಅಂಚಿಗೆ ಸುತ್ತ ಚಾಕಿನಿಂದ ಗೆರೆ ಎಳೆಯಬೇಕು. ನೀರು ಆರಿದ ಮೇಲೂ ಗೆರೆ ಉಳಿಯುತ್ತದಲ್ಲ, ತಗ್ಗು ಎಲ್ಲಿದೆ ಎಂದು ಯಾರೂ ವಾದ ಮಾಡುವಂತಿಲ್ಲ. ಕೆಲಸದವರು ಇಂಥ ತಗ್ಗಿಗೆ ಬರ್ಡ್‌ಬಾತ್ ಅನ್ನುತ್ತಾರೆ, ಗುಬ್ಬಚ್ಚಿ ಸ್ನಾನ ಮಾಡುವಷ್ಟು ನೀರು ಎಂದು. ಗುಂಡಿ ಹುಟ್ಟುವುದು ಅಲ್ಲೇ. ಡಾಂಬರಿನ ಲಾಟಿಗೆ ಕನಿಷ್ಠ ಶೇ. 1, ಸಾಮಾನ್ಯವಾಗಿ ಶೇ. 2ರಷ್ಟು ಇಳಿಜಾರು ಬೇಕು, ಅಂದರೆ ಮೀಟರಿಗೆ ಒಂದೆರಡು ಸೆಂಟಿಮೀಟರ್.

ಎರಡು ಜಾಗಗಳನ್ನು ಮಾತ್ರ ಮೊದಲು ನೋಡಿ. ಒಂದು, ಚಳಿಗಾಲವಿಡೀ ಹಿಮವನ್ನು ತಳ್ಳಿ ರಾಶಿ ಹಾಕಿದ ಮೂಲೆ. ಏಪ್ರಿಲ್‌ವರೆಗೂ ಆ ಮೂಲೆ ದಿನವೂ ನೆನೆಯುತ್ತಲೇ ಇರುತ್ತದೆ. ಇನ್ನೊಂದು, ಮಳೆನೀರು ಇಳಿಯುವ ಕಬ್ಬಿಣದ ಜಾಲರಿಯ ಸುತ್ತ. ಅಲ್ಲಿ ಡಾಂಬರಿನ ಮೇಲೆ ಅರ್ಧಚಂದ್ರಾಕಾರದ ಬಿರುಕು ಕಂಡರೆ ಜಾಲರಿಯ ಕೆಳಗಿನ ಚೇಂಬರಿನ ಮೇಲ್ಭಾಗದ ಇಟ್ಟಿಗೆ ಅಥವಾ ಕಾಂಕ್ರೀಟ್ ಬಳೆಗಳ ನಡುವಿನ ಗಾರೆ ಉದುರಿದೆ ಎಂದೇ ಅನುಮಾನಿಸಬೇಕು. ಆ ಸಂದಿನಿಂದ ಸುತ್ತಲಿನ ಮಣ್ಣು ಪ್ರತಿ ಮಳೆಗೂ ಒಳಕ್ಕೆ ಕೊಚ್ಚಿಹೋಗುತ್ತಿರುತ್ತದೆ, ಮೇಲೆ ಡಾಂಬರು ಮಾತ್ರ ಸೇತುವೆಯಂತೆ ನಿಂತಿರುತ್ತದೆ. ಕಬ್ಬಿಣದ ಸರಳಿನಿಂದ ತಟ್ಟಿದರೆ ಪೊಳ್ಳು ಸದ್ದು. ಟಾರ್ಚ್ ಹಾಕಿ ಒಳಗೆ ನೋಡಿದರೆ ತಳದಲ್ಲಿ ಮಣ್ಣಿನ ಗುಪ್ಪೆ. ಇದಕ್ಕೆ ಮೇಲೆ ಡಾಂಬರು ಸುರಿದು ಪ್ರಯೋಜನವಿಲ್ಲ. ಸುತ್ತ ಚೌಕವಾಗಿ ಗರಗಸದಲ್ಲಿ ಕತ್ತರಿಸಿ, ಅಗೆದು, ಬಳೆಗಳನ್ನು ಹೊಸ ಗಾರೆಯಲ್ಲಿ ಕೂರಿಸಿ, ಹೊರಗಿನಿಂದ ಜಲ್ಲಿಯನ್ನು ಪದರ ಪದರವಾಗಿ ದಮ್ಮಸ್ಸು ಮಾಡಿಯೇ ಮುಚ್ಚಬೇಕು.

ಬಿರುಕುಗಳಲ್ಲಿ ಜಾತಿಯಿದೆ. ಅಡ್ಡಡ್ಡಲಾಗಿ, ಹೆಚ್ಚುಕಡಿಮೆ ಸಮ ಅಂತರದಲ್ಲಿ ಬಂದಿರುವುದು ಚಳಿಗೆ ಡಾಂಬರು ಕುಗ್ಗಿ ಸೀಳಿದ್ದು. ಅದಕ್ಕೆ ಔಷಧಿ ಇದೆ. ಮೊಸಳೆಯ ಚರ್ಮದಂತೆ ಚಿಕ್ಕ ಚಿಕ್ಕ ತುಂಡಾಗಿ ಒಡೆದಿರುವುದಕ್ಕೆ ಮಾತ್ರ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೇ. ಅಲ್ಲಿ ಕೆಳಗಿನ ಹಾಸು ಸೋತಿದೆ. ಮೊಸಳೆ ಬಿರುಕಿನ ಮೇಲೆ ಕಪ್ಪನೆಯ ತೆಳು ಲೇಪವಾದ ಸೀಲ್‌ಕೋಟ್ ಬಳಿದು ದುಡ್ಡು ಕೇಳುವ ಕಾಂಟ್ರಾಕ್ಟರುಗಳು ಇಲ್ಲಿಯೂ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸರಿಯಾದ ದಾರಿ ಎಂದರೆ ಒಡೆದ ಜಾಗದಿಂದ ಸುತ್ತ ಇನ್ನೊಂದು ಅಡಿ ಆಚೆಗೆ ಕತ್ತರಿಸಿ, ಕೆಸರಾದ ಹಾಸನ್ನು ತೆಗೆದು, ಒಣ ಜಲ್ಲಿ ತುಂಬಿ, ಒತ್ತಿ, ಮೇಲೆ ಹೊಸ ಡಾಂಬರು ಹಾಕುವುದು.

ಬಿರುಕು ತುಂಬುವ ಕೆಲಸ ಲಾಟಿನ ಇಡೀ ವರ್ಷದ ಖರ್ಚಿನಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಕೆಟ್ಟುಹೋಗುವುದೂ ಅದೇ. ಸುಮಾರು 6 ಮಿಲಿಮೀಟರಿನಿಂದ 25 ಮಿಲಿಮೀಟರಿನವರೆಗಿನ ಬಿರುಕಿಗೆ ರಬ್ಬರ್ ಬೆರೆತ ಬಿಸಿ ಸೀಲೆಂಟ್, ಅಂದರೆ ಬಿರುಕು ಮುಚ್ಚುವ ಅಂಟು. ಬಿರುಕನ್ನು ರೌಟರ್ ಯಂತ್ರದಿಂದ 20 ಮಿಲಿಮೀಟರ್ ಅಗಲ, ಅಷ್ಟೇ ಆಳದ ಕಾಲುವೆಯಂತೆ ಕೊರೆದು, ಗಾಳಿಯ ಒತ್ತಡದಲ್ಲಿ ಧೂಳು, ಹುಲ್ಲಿನ ಬೇರು ಎಲ್ಲ ಹಾರಿಸಿ, ಒಣಗಿಸಿ, ಆಮೇಲೆ ಸುರಿಯಬೇಕು. ನೂರು ಮೀಟರಿಗೆ ಸುಮಾರು 50 ಕೆಜಿ ಹಿಡಿಯುತ್ತದೆ. ಎಣ್ಣೆಯ ಹೊದಿಕೆಯಿರುವ ಕಡಾಯಿಯಲ್ಲಿ 190ರಿಂದ 200 ಡಿಗ್ರಿಗೆ ಕಾಯಿಸುತ್ತಾರೆ. ನೇರ ಬೆಂಕಿಗೆ ಇಟ್ಟರೆ ರಬ್ಬರ್ ಸುಟ್ಟು ಸತ್ತುಹೋಗುತ್ತದೆ. ಬಿರುಕಿನಲ್ಲಿ ತೇವ ಇದ್ದರೆ ಆವಿ ಎದ್ದು ಗುಳ್ಳೆ ಬರುತ್ತದೆ, ಮುಂದಿನ ಚಳಿಗಾಲದಲ್ಲಿ ಉಗುರಿನಿಂದ ಎತ್ತಿದರೂ ಪಟ್ಟಿಯಂತೆ ಎದ್ದುಬರುತ್ತದೆ. ಹೆಚ್ಚು ಸುರಿದು ಮೇಲೆ ದಪ್ಪ ಪಟ್ಟಿ ಬಿಟ್ಟರೆ ಹಿಮ ತಳ್ಳುವ ಗಾಡಿಯ ಅಲಗು ಕಿತ್ತೊಯ್ಯುತ್ತದೆ. ವಸಂತ, ಶರತ್ಕಾಲವೇ ಸರಿಯಾದ ಹೊತ್ತು. ಆಗ ಬಿರುಕು ಚಳಿಗಾಲದಷ್ಟು ಅಗಲವೂ ಅಲ್ಲ, ಬೇಸಿಗೆಯಷ್ಟು ಮುಚ್ಚಿಯೂ ಇರುವುದಿಲ್ಲ.

ಊರಿನವರು ನಂಬದ ಒಂದು ವಿಷಯ: ಬಿಸಿ ಸೀಲೆಂಟ್ ಕಾರಿನ ಚಕ್ರಕ್ಕೆ ಅಂಟದಿರಲಿ ಎಂದು ಅದರ ಮೇಲೆ ಟಾಯ್ಲೆಟ್ ಪೇಪರ್ ಉರುಳಿಸಿಕೊಂಡು ಹೋಗುತ್ತಾರೆ! ಒಂದು ಕೋಲಿನ ತುದಿಗೆ ಸುರುಳಿ ಸಿಕ್ಕಿಸಿ, ಕರಿ ಗೆರೆಯ ಮೇಲೆ ಬಿಳಿ ಗೆರೆ. ಎರಡು ಮಳೆಗೆ ಕಾಗದ ಕರಗಿಹೋಗುತ್ತದೆ, ಅಷ್ಟರಲ್ಲಿ ಸೀಲೆಂಟ್ ಗಟ್ಟಿಯಾಗಿರುತ್ತದೆ.

ಇನ್ನು ಗುಂಡಿ. ಚಳಿಗಾಲದಲ್ಲಿ ಇಲ್ಲಿ ಬಿಸಿ ಡಾಂಬರು ತಯಾರಿಸುವ ಪ್ಲಾಂಟುಗಳು ಮುಚ್ಚಿರುತ್ತವೆ, ಹಾಗಾಗಿ ಚೀಲದಲ್ಲಿ ಬರುವ ಕೋಲ್ಡ್ ಮಿಕ್ಸ್, ಅಂದರೆ ಕಾಯಿಸದೆ ಹಾಕುವ ಡಾಂಬರು ಮಿಶ್ರಣ, ತಾತ್ಕಾಲಿಕ ತೇಪೆ. 60 ಸೆಂಟಿಮೀಟರ್ ಚೌಕದ, 7.5 ಸೆಂಟಿಮೀಟರ್ ಆಳದ ಗುಂಡಿಗೆ ಸುಮಾರು 62 ಕೆಜಿ, ಅಂದರೆ ಇಲ್ಲಿನ 50 ಪೌಂಡಿನ ಮೂರು ಚೀಲ. ಪ್ಲಾಂಟ್ ತೆರೆದ ಮೇಲೆ ಆ ತೇಪೆಯನ್ನು ಕಿತ್ತು ಗುಂಡಿಯನ್ನು ಶಾಶ್ವತವಾಗಿ ಮುಚ್ಚಬೇಕು. ನೀರು ಹೊರಗೆ, ಸಡಿಲ ಕಲ್ಲು ಹೊರಗೆ. ಅಂಚನ್ನು ನೇರಕ್ಕೆ ಕತ್ತರಿಸಿ ಚೌಕ ಮಾಡಬೇಕು, ತಟ್ಟೆಯಂತೆ ಓರೆ ಅಂಚು ಬಿಟ್ಟರೆ ತೇಪೆ ತುದಿಯಲ್ಲಿ ತೆಳ್ಳಗಾಗಿ ಉದುರುತ್ತದೆ. ತಳಕ್ಕೂ ಗೋಡೆಗೂ ಟ್ಯಾಕ್ ಕೋಟ್, ಅಂದರೆ ಹೊಸ ಡಾಂಬರನ್ನು ಹಳೆಯದಕ್ಕೆ ಅಂಟಿಸುವ ಲೇಪ. ನೀರು ಬೆರೆತ ಡಾಂಬರಿನ ಈ ಎಮಲ್ಷನ್ ಹಚ್ಚಿದಾಗ ಕಾಫಿ ಡಿಕಾಕ್ಷನ್ನಿನ ಕಂದು ಬಣ್ಣ, ನೀರು ಬಿಟ್ಟುಕೊಟ್ಟ ಮೇಲೆ ಕಪ್ಪು. ಕಂದಾಗಿರುವಾಗಲೇ ಡಾಂಬರು ಸುರಿದರೆ ಅಂಟು ಹಿಡಿಯುವುದಿಲ್ಲ, ಅವಸರದ ಕೆಲಸದಲ್ಲಿ ತಪ್ಪುವುದು ಈ ಹತ್ತಿಪ್ಪತ್ತು ನಿಮಿಷವೇ. ಬಿಸಿ ಮಿಶ್ರಣವನ್ನು 5 ಸೆಂಟಿಮೀಟರ್ ಪದರದಲ್ಲಿ ಹಾಕಿ ಒತ್ತುತ್ತಾ ಬರಬೇಕು. ಒತ್ತಿದ ಮೇಲೆ 5 ಸೆಂಟಿಮೀಟರ್ ಬೇಕಿದ್ದರೆ ಸಡಿಲವಾಗಿ ಸುಮಾರು 6 ಸೆಂಟಿಮೀಟರ್ ಸುರಿಯಬೇಕು. ಚದರ ಮೀಟರಿಗೆ ಸುಮಾರು 118 ಕೆಜಿ. ಮಿಶ್ರಣ 80 ಡಿಗ್ರಿಗಿಂತ ಕೆಳಗೆ ತಣ್ಣಗಾದ ಮೇಲೆ ರೋಲರ್ ಎಷ್ಟು ಓಡಿಸಿದರೂ ವ್ಯರ್ಥ. ಕೊನೆಗೆ ತೇಪೆ ಸುತ್ತಲಿಗಿಂತ ಒಂದು ಕೂದಲೆಳೆ ಎತ್ತರ, ಅಂಚಿನ ಸಂದಿಗೆ ಸೀಲೆಂಟ್.

ಲಾಟಿನ ಮಾಲೀಕರು ಇಷ್ಟೆಲ್ಲ ಮಾಡುವುದು ಊರಿನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಯಾರಾದರೂ ಎಡವಿ ಬಿದ್ದರೆ ಕೋರ್ಟಿನ ನೋಟಿಸ್ ಬರುತ್ತದೆ. ಅಂಗವಿಕಲರ ದಾರಿಯಲ್ಲಿ 6 ಮಿಲಿಮೀಟರಿಗಿಂತ ಹೆಚ್ಚಿನ ಮೆಟ್ಟಿಲು ಎದ್ದಿದ್ದರೆ ಅದನ್ನು ಓರೆ ಮಾಡಲೇಬೇಕು ಎನ್ನುತ್ತದೆ ಇಲ್ಲಿನ ಕಾನೂನು. ಅವರಿಗೆ ಮೀಸಲಾದ ಜಾಗದ ಇಳಿಜಾರು 48ಕ್ಕೆ 1ನ್ನು ಮೀರುವಂತಿಲ್ಲ. ಮಟ್ಟಗೋಲು (ಸ್ಪಿರಿಟ್ ಲೆವೆಲ್) ಇಟ್ಟು ನೋಡಿದಾಗ ಆ ಜಾಗ ಪಾಸಾಗಬೇಕು. ಗಾಲಿಕುರ್ಚಿಯಲ್ಲಿ ಗಾಂಧಿ ಬಜಾರಿಗೆ ಹೋಗಿಬಂದವರನ್ನು ಕೇಳಿದರೆ ಈ 6 ಮಿಲಿಮೀಟರಿನ ಬೆಲೆ ಹೇಳುತ್ತಾರೆ.

ಈಗ ಹುಡುಗಿಯ ಪ್ರಶ್ನೆ. ಬೆಂಗಳೂರಿನಲ್ಲಿ ಮಂಜುಗಡ್ಡೆಯ ಕೆಲಸವನ್ನು ಟೈರು ಮಾಡುತ್ತದೆ. ನೀರು ತುಂಬಿದ ಬಿರುಕಿನ ಮೇಲೆ ಬಸ್ಸಿನ ಚಕ್ರ ಹತ್ತಿದರೆ ಆ ನೀರು ಒತ್ತಡಕ್ಕೆ ಸಿಕ್ಕಿ ಜಲ್ಲಿಗೂ ಡಾಂಬರಿಗೂ ನಡುವೆ ನುಗ್ಗುತ್ತದೆ, ಚಕ್ರ ಇಳಿದಾಗ ಹೀರಿಕೊಂಡಂತೆ ವಾಪಸು ಬರುತ್ತದೆ. ಸಾವಿರಾರು ಸಲ ಹೀಗಾದರೆ ಕಲ್ಲಿನಿಂದ ಡಾಂಬರು ಬಿಟ್ಟುಕೊಳ್ಳುತ್ತದೆ. ಮಳೆ ಬಂದ ಮಾರನೇ ದಿನ ರಸ್ತೆ ತುಂಬ ಬರಿಗಲ್ಲಿನ ಜಲ್ಲಿ ಚೆಲ್ಲಿರುತ್ತದಲ್ಲ, ಅದು ಇದೇ. ಕಲ್ಲನ್ನು ಕೈಗೆ ತೆಗೆದು ನೋಡಿ: ಕಪ್ಪಗಿರಬೇಕಾದದ್ದು ತೊಳೆದಿಟ್ಟಂತೆ ಬೂದು ಬಣ್ಣ. ಹಿಮ ನೆಪ ಮಾತ್ರ. ಎರಡೂ ಊರಿನಲ್ಲಿ ಕಳ್ಳ ನೀರೇ, ಬಾಗಿಲು ಬಿರುಕೇ.

ನಮ್ಮಲ್ಲಿ ಬಾಗಿಲನ್ನು ನಾವೇ ತೆರೆದಿಡುತ್ತೇವೆ ಎಂಬುದು ಬೇರೆ ಮಾತು. ಪೈಪಿಗೆಂದು, ಕೇಬಲ್ಲಿಗೆಂದು ಅಗೆದ ಕಾಲುವೆಯನ್ನು 15 ಸೆಂಟಿಮೀಟರಿಗೊಂದು ಪದರದಂತೆ ದಮ್ಮಸ್ಸು ಮಾಡಿ ಮುಚ್ಚಬೇಕು, ಆದರೆ ತಳ್ಳಿ ತುಂಬುವುದು ಒಂದೇ ಸಲಕ್ಕೆ. ಹಳೆಯದನ್ನು ಕೆರೆಯದೆ ಅದರ ಮೇಲೇ 4 ಸೆಂಟಿಮೀಟರ್ ಹೊಸ ಡಾಂಬರು. ಮೂರು ಸಲ ಹೀಗಾದರೆ ರಸ್ತೆ ಅಂಗೈ ಅಗಲಕ್ಕಿಂತ ಹೆಚ್ಚು ಏರಿ, ನೀರು ಚರಂಡಿಗಲ್ಲ, ಮನೆಯ ಹೊಸ್ತಿಲಿಗೆ. ಗುಂಡಿ ಮುಚ್ಚುವುದೂ ಸುರಿಯುವ ಮಳೆಯಲ್ಲೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಹಾಗೆಂದು ಊರಿಗೆ ಈ ವಿದ್ಯೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಸವನಗುಡಿ, ಚಾಮರಾಜಪೇಟೆಯ ಮದ್ರಾಸ್ ತಾರಸಿ ಮನೆಗಳಲ್ಲಿ ಯುಗಾದಿ ಕಳೆದು ಭರಣಿ ಮಳೆ ಬರುವುದರೊಳಗೆ ತಾರಸಿ ಗುಡಿಸಿ, ಎರಡು ಕೊಡ ನೀರು ಚೆಲ್ಲಿ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಬಿರುಕನ್ನು ಕೆರೆದು ಅಗಲ ಮಾಡಿ, ಧೂಳು ತೆಗೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರಿನಲ್ಲಿ ಕಲಸಿದ ಸುಣ್ಣದ ಗಾರೆ ತುಂಬುತ್ತಿದ್ದರು. ರೌಟರ್, ಗಾಳಿಯ ಒತ್ತಡ, ರಬ್ಬರ್ ಸೀಲೆಂಟ್ ಬಿಟ್ಟರೆ ಇಲ್ಲಿ ಮಿನೆಸೋಟದಲ್ಲಿ ಏಪ್ರಿಲ್‌ನಲ್ಲಿ ಮಾಡುವುದೂ ಅದನ್ನೇ. ನಮ್ಮ ಅಪಾರ್ಟ್‌ಮೆಂಟು, ಆಫೀಸುಗಳ ಅಂಗಳದಲ್ಲಿ ಹಾಸುವ ಇಂಟರ್‌ಲಾಕ್ ಬ್ಲಾಕೂ ಕಡಿಮೆಯದೇನಲ್ಲ. ಕುಸಿದರೆ ಬ್ಲಾಕ್ ಎತ್ತಿ, ಕೆಳಗಿನ ಹಾಸು ಯಾಕೆ ಕುಸಿಯಿತು ನೋಡಿ, 3 ಸೆಂಟಿಮೀಟರ್ ಮರಳು ಹರಡಿ, ಅದೇ ಬ್ಲಾಕನ್ನು ಮತ್ತೆ ಕೂರಿಸಬಹುದು. ಡಾಂಬರಿಗೆ ಆ ಭಾಗ್ಯವಿಲ್ಲ. ಅಂಚಿನ ಕಲ್ಲು ಸಡಿಲವಾಗದಂತೆ ಮಾತ್ರ ನೋಡಿಕೊಳ್ಳಬೇಕು, ಅದು ಸರಿದರೆ ಇಡೀ ಸಾಲು ಬಾಯಿ ಬಿಡುತ್ತದೆ.

ಇಷ್ಟನ್ನೂ ಧ್ವನಿ ಸಂದೇಶಗಳಲ್ಲಿ ಹೇಳಿದ್ದಾಯಿತು. ಮೊನ್ನೆ ಬೆಂಗಳೂರಿನಲ್ಲಿ ಸಂಜೆ ಮಳೆಯಂತೆ. ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಿಂದ ಫೋಟೊ ಬಂತು: ಮೂರು ಕಡೆ ನೀರು, ಮೂರಕ್ಕೂ ಸುತ್ತ ಬಿಳಿ ಗೆರೆ, ಸ್ವಲ್ಪ ರಂಗೋಲಿಯ ಥರ ವಕ್ರ.

"ಭೇಷ್ ಪುಟ್ಟಿ. ನೀರು ಹೋಗೋ ಜಾಲರಿ ಎಲ್ಲಿದೆ?"

"ಹುಡುಕಿದೆ ಮಾಮ. ಅದರ ಮೇಲೆ ಸೆಕ್ರೆಟರಿ ಅಂಕಲ್ ಹೂಕುಂಡ ಇಟ್ಟಿದ್ದಾರೆ."