ಹಾಲ್ ಒಂದು ತುಂಡಿನದ್ದು, ಮ್ಯಾಗ್ನೆಟೈಸೇಶನ್ ಇನ್ನೊಂದರದ್ದು

ನಾನು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಮ್ಯಾಗ್ನೆಟಿಕ್ ಹರಳುಗಳ ಹಾಲ್ ವೋಲ್ಟೇಜ್ ಅಳೆಯುತ್ತೇನೆ, ಅಂದರೆ ಕರೆಂಟ್ ಹರಿಯುವ ಹರಳಿಗೆ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ಟಾಗ ಅಡ್ಡಕ್ಕೆ ಹುಟ್ಟುವ ವೋಲ್ಟೇಜ್. ಹೋದ ವರ್ಷ ಒಂದು ಗ್ರಾಫ್ ನಮ್ಮನ್ನು ಆರು ವಾರ ದಾರಿ ತಪ್ಪಿಸಿತು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಅದನ್ನು ಹೇಳಲೇಬೇಕು.

ಮಾಮೂಲಿ ಮ್ಯಾಗ್ನೆಟ್‌ನಲ್ಲಿ ಸ್ಪಿನ್‌ಗಳೆಲ್ಲ, ಅಂದರೆ ಪರಮಾಣುಗಳ ಪುಟ್ಟ ಮ್ಯಾಗ್ನೆಟ್‌ಗಳೆಲ್ಲ, ಒಂದೇ ಕಡೆ ಮುಖ ಮಾಡಿರುತ್ತವೆ. ಕೆಲವು ಹರಳುಗಳಲ್ಲಿ ಹಾಗಲ್ಲ, ತಲೆಯ ಸುಳಿಯಲ್ಲಿ ಕೂದಲು ಸುತ್ತಿಕೊಂಡ ಹಾಗೆ ಸುತ್ತಿಕೊಳ್ಳುತ್ತವೆ, ನಡುವಿನದು ಕೆಳಗೆ ನೋಡಿದರೆ ಅಂಚಿನದು ಮೇಲೆ. ಇದೇ ಸ್ಕಿರ್ಮಿಯಾನ್. 2009ರಲ್ಲಿ ಮ್ಯಾಂಗನೀಸ್ ಸಿಲಿಸೈಡ್‌ನಲ್ಲಿ ನ್ಯೂಟ್ರಾನ್ ಪ್ರಯೋಗದಿಂದ ಗೊತ್ತಾಯಿತು. ಒಂದೊಂದು ಸುಳಿ ಸುಮಾರು 18 ನ್ಯಾನೋಮೀಟರ್, ಅದೂ 29 ಕೆಲ್ವಿನ್‌ಗೆ ಸ್ವಲ್ಪ ಕೆಳಗೆ ಮಾತ್ರ. ಈ ಸುಳಿಗಳ ಮೇಲೆ ಹಾದುಹೋಗುವ ಎಲೆಕ್ಟ್ರಾನ್, ಅಲ್ಲಿ ಇನ್ನೊಂದು ಮ್ಯಾಗ್ನೆಟಿಕ್ ಫೀಲ್ಡ್ ಇದೆಯೇನೋ ಅನ್ನುವಂತೆ ಪಕ್ಕಕ್ಕೆ ವಾಲುತ್ತದೆ. ಹಾಲ್ ಗ್ರಾಫ್‌ನಲ್ಲಿ ಒಂದು ಚಿಕ್ಕ ಉಬ್ಬು ಬರುತ್ತದೆ. ಅದಕ್ಕೆ ಟೋಪಲಾಜಿಕಲ್ ಹಾಲ್ ಎಫೆಕ್ಟ್ ಅಂತಾರೆ.

ಸಾಮಾನ್ಯವಾಗಿ ಆ ಉಬ್ಬು ನೇರವಾಗಿ ಕಾಣುವುದಿಲ್ಲ. ಒಟ್ಟು ಹಾಲ್‌ನಿಂದ ಫೀಲ್ಡ್‌ನ ಪಾಲು ಕಳೆಯಬೇಕು, ಆಮೇಲೆ ಮ್ಯಾಗ್ನೆಟೈಸೇಶನ್‌ನ (ಹರಳು ಎಷ್ಟು ಮ್ಯಾಗ್ನೆಟ್ ಆಗಿದೆ ಅನ್ನುವುದರ) ಪಾಲು ಕಳೆಯಬೇಕು, ಉಳಿದದ್ದು ಅದು. ನಮಗೂ ಉಳಿಯಿತು! ಚೆಂದದ ಉಬ್ಬು, ನೆಗೆಟಿವ್ ಕಡೆಗೆ. ಸರ್‌ಗೆ ತೋರಿಸಿದೆ, ಪೇಪರ್ ಬರೆಯಲು ಕೂತೆವು. ಒಂದು ವಿಷಯ ಮಾತ್ರ ಸರಿ ಕಾಣಲಿಲ್ಲ. 5 ಕೆಲ್ವಿನ್‌ನಲ್ಲೂ ಉಬ್ಬು ಇತ್ತು, ಮ್ಯಾಗ್ನೆಟ್ ಆಗುವ ಟೆಂಪರೇಚರ್‌ವರೆಗೂ ಇತ್ತು. ಇಂಥ ಹರಳಿನಲ್ಲಿ ಸುಳಿಗಳು ಸಾಮಾನ್ಯವಾಗಿ ಅಷ್ಟು ದೂರ ಹರಡಿರುವುದಿಲ್ಲ. ನನಗೆ ಖುಷಿ ಜಾಸ್ತಿ ಇತ್ತು, ಅದನ್ನು ಕೆದಕಲಿಲ್ಲ.

ಮಂಡ್ಯದಿಂದ ದಿನಾ ರೈಲಿನಲ್ಲಿ ಬರುವ ಜೂನಿಯರ್ ಹುಡುಗ ಒಂದು ದಿನ ಮೈಕ್ರೋಸ್ಕೋಪ್‌ನಿಂದ ತಲೆ ಎತ್ತಿ ಕೇಳಿದ, "ಅಕ್ಕಾ, ಎರಡೂ ಒಂದೇ ತುಂಡಾ?"

ಅಲ್ಲ. ಹಾಲ್ ಅಳೆದದ್ದು ತೆಳುವಾಗಿ ಉಜ್ಜಿದ ತಗಡಿನಂಥ ತುಂಡಿನಲ್ಲಿ, ಫೀಲ್ಡ್ ಅದಕ್ಕೆ ನೇರ ಅಡ್ಡ. ಮ್ಯಾಗ್ನೆಟೈಸೇಶನ್ ಅಳೆದದ್ದು ಕಡ್ಡಿಯಂಥ ಉದ್ದ ತುಂಡಿನಲ್ಲಿ, ಫೀಲ್ಡ್ ಉದ್ದಕ್ಕೆ. ಒಂದೇ ಬ್ಯಾಚ್ ಅಲ್ವಾ ಅಂತ ಸುಮ್ನೆ ಇದ್ದೆವು. ಆದರೆ ಹರಳು ಮ್ಯಾಗ್ನೆಟ್ ಆಗುತ್ತಿದ್ದಂತೆ ಒಳಗೆ ತನ್ನದೇ ಎದುರು ಫೀಲ್ಡ್ ಹುಟ್ಟುತ್ತದೆ, ನಾವು ಡಿಮ್ಯಾಗ್ ಅನ್ನುವುದು ಇದನ್ನೇ. ತಗಡಿಗೆ ಅಡ್ಡಲಾಗಿ ಫೀಲ್ಡ್ ಕೊಟ್ಟರೆ ಅದು ಜಾಸ್ತಿ, ಕಡ್ಡಿಯ ಉದ್ದಕ್ಕೆ ತೀರಾ ಕಮ್ಮಿ. ಹಾಗಾಗಿ ಫೀಲ್ಡ್ ಏರಿಸುತ್ತಾ ಹೋದರೆ ಕಡ್ಡಿ ಬೇಗ ಸ್ಯಾಚುರೇಟ್ ಆಗುತ್ತದೆ, ಅಂದರೆ ಪೂರ್ತಿ ಮ್ಯಾಗ್ನೆಟ್ ಆಗಿ ನಿಲ್ಲುತ್ತದೆ, ತಗಡು ತಡವಾಗಿ. ಒಂದರಿಂದ ಇನ್ನೊಂದನ್ನು ಕಳೆದರೆ ನಡುವೆ ಉಬ್ಬು ಬಂದೇ ಬರುತ್ತದೆ, ಸುಳಿ ಇರಲಿ ಬಿಡಲಿ.

ಅದೇ ತಗಡಿನ ಬೆಳ್ಳಿ ಪೇಸ್ಟ್ ಒರೆಸಿ, ಚಿನ್ನದ ತಂತಿ ಬಿಡಿಸಿ, ಅದೇ ದಿಕ್ಕಿನ ಫೀಲ್ಡ್‌ನಲ್ಲಿ ಮ್ಯಾಗ್ನೆಟೈಸೇಶನ್ ಮತ್ತೆ ಅಳೆದೆವು. ಎರಡು ಗೆರೆ ಒಂದರ ಮೇಲೊಂದು ಕೂತವು. ಉಬ್ಬು ಹೋಯಿತು. ಅವತ್ತು ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ತುಂಬಾ ಹೊತ್ತು ನಡೆದೆ, ಬೇಜಾರಾಗಿತ್ತು. ಹುಡುಗನ ಮೇಲೆ ಮಾತ್ರ ತುಂಬಾ ಅಭಿಮಾನ ಬಂತು.

ಈಗ ತುಂಡು ಕತ್ತರಿಸಿದ ಕೂಡಲೇ ಬಟರ್ ಪೇಪರ್ ಪೊಟ್ಟಣದ ಮೇಲೆ ನಂಬರ್, ಉದ್ದ, ಅಗಲ, ದಪ್ಪ, ಫೀಲ್ಡ್ ದಿಕ್ಕು ಬರೆಯುತ್ತೇವೆ. ತಂತಿ ಹಚ್ಚುವ ಮೊದಲೇ ಆ ತುಂಡು ಮ್ಯಾಗ್ನೆಟೋಮೀಟರ್‌ಗೆ ಹೋಗುತ್ತದೆ. ಹೊಸ ಬ್ಯಾಚಿನ ಮೊದಲ ಪೊಟ್ಟಣ ಬರೆದವನು ಆ ಹುಡುಗನೇ.